ದಾರಿ ದುರಸ್ತಿಯ ಚರಿತ್ರೆ: ಜೀಬ್ರಾ, ಕ್ವಾಗ್ಗಾ ಮತ್ತು ಅನಂತರ

ಚರಿತ್ರೆಯ ಪುಸ್ತಕಗಳು ರಸ್ತೆ ಹಾಕಿಸಿದ ಅರಸರನ್ನು ಹೆಸರಿಸುತ್ತವೆ. ಮಳೆಗಾಲ ಕಳೆದ ಮೇಲೆ ಅದೇ ರಸ್ತೆಯ ಗುಂಡಿ ಮುಚ್ಚಿದವರನ್ನು ಹೆಸರಿಸುವುದು ಅಪರೂಪ. ನಮ್ಮ ಕಾಲದ ಹೆದ್ದಾರಿಯಾದ ಅಂತರ್ಜಾಲದ ವಿಷಯದಲ್ಲೂ ಹೀಗೆಯೇ ಆಗಿದೆ. ಅದನ್ನು ಕಟ್ಟಿದವರ ಕಥೆಯನ್ನು ಅಲ್ಲಲ್ಲಿ ಓದಿರುತ್ತೇವೆ. ಅದರ ದಾರಿಗಳನ್ನು ದಿನದಿನವೂ ಸರಿಪಡಿಸುತ್ತ ಬಂದವರ ಕಥೆ ನಮ್ಮ ಕಿವಿಗೆ ಬೀಳುವುದೇ ಇಲ್ಲ. ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದು, ದೆಹಲಿಗಳಲ್ಲಿ ಚದುರಿರುವ ನಾವು ಊರಿನವರೊಡನೆ ಮಾತನಾಡುವುದೂ, ಒಬ್ಬರು ಬರೆದದ್ದನ್ನು ಇನ್ನೊಬ್ಬರು ಓದುವುದೂ ಈ ದಾರಿಗಳ ಮೇಲೆಯೇ. ಆದ್ದರಿಂದ ಆ ಕಥೆಯ ಒಂದು ಎಳೆಯನ್ನು, ಅಂದರೆ ದಾರಿ ಹುಡುಕುವ ಮುಕ್ತ ತಂತ್ರಾಂಶಗಳ ಚರಿತ್ರೆಯನ್ನು, ಇಲ್ಲಿ ಬಿಡಿಸಿ ನೋಡಲು ಯತ್ನಿಸಿದ್ದೇವೆ.

ಮೊದಲು ಕೆಲಸದ ಸ್ವರೂಪವನ್ನು ತಿಳಿಯೋಣ. ನಾವು ಕಳುಹಿಸುವ ಸಂದೇಶವು ಸಣ್ಣ ಸಣ್ಣ ಪ್ಯಾಕೆಟ್ಟುಗಳಾಗಿ ತುಂಡಾಗಿ ಹೊರಡುತ್ತದೆ. ಪ್ರತಿಯೊಂದರ ಮೇಲೂ ತಲುಪಬೇಕಾದ ವಿಳಾಸವಿರುತ್ತದೆ. ದಾರಿಯ ಪ್ರತಿ ಕೂಡಲಿನಲ್ಲಿ ರೂಟರ್ ಎಂಬ ಯಂತ್ರ ಕುಳಿತಿರುತ್ತದೆ. ರೈಲ್ವೆ ಅಂಚೆಯ ಡಬ್ಬಿಯಲ್ಲಿ ನಿಂತು ಕಾಗದಗಳನ್ನು ಬೇರೆ ಬೇರೆ ಚೀಲಗಳಿಗೆ ಹಾಕುತ್ತಿದ್ದ ವಿಂಗಡಣೆಗಾರನ ಕೆಲಸವೇ ಅದರ ಕೆಲಸ. ವಿಳಾಸ ನೋಡಿ, ಮುಂದಿನ ನಿಲ್ದಾಣ ಯಾವುದೆಂದು ನಿರ್ಧರಿಸಿ, ಆ ಕಡೆಗೆ ತಳ್ಳುವುದು. ವಿಂಗಡಣೆಗಾರನಿಗೆ ಇಲಾಖೆ ಅಚ್ಚು ಹಾಕಿಸಿದ ಪಟ್ಟಿ ಇರುತ್ತಿತ್ತು. ರೂಟರಿಗೆ ಅಂಥ ಪಟ್ಟಿಯನ್ನು ಯಾರೂ ಕೊಡುವುದಿಲ್ಲ. ಅದು ತನ್ನ ನೆರೆಯ ರೂಟರುಗಳೊಡನೆ ಸದಾ ಮಾತನಾಡುತ್ತ, ಅವು ಹೇಳಿದ್ದನ್ನು ನಂಬಿ, ತನ್ನ ಪಟ್ಟಿಯನ್ನು ತಾನೇ ಬರೆದುಕೊಳ್ಳಬೇಕು. ಈ ಮಾತುಕತೆಯನ್ನು ನಡೆಸುವ ತಂತ್ರಾಂಶವೇ ನಮ್ಮ ವಿಷಯ. ಇಡೀ ಜಾಲದ ನಕ್ಷೆಯನ್ನು ಕೈಯಲ್ಲಿ ಹಿಡಿದ ಒಬ್ಬ ಯಜಮಾನ ಎಲ್ಲಿಯೂ ಇಲ್ಲ. ಅಂತರ್ಜಾಲದ ಶಕ್ತಿಯೂ ದೌರ್ಬಲ್ಯವೂ ಅಲ್ಲಿಯೇ ಇದೆ.

ಮೂರು ಸಂಖ್ಯೆಗಳ ಜಗಳ

ನಂಬಿಕೆಯ ಮೇಲೆ ನಿಂತ ಈ ವ್ಯವಸ್ಥೆ ಹೇಗೆ ಕೆಡಬಹುದೆಂಬುದು ಬಹಳ ಬೇಗ ಗೊತ್ತಾಯಿತು. ಅಂತರ್ಜಾಲದ ಪೂರ್ವಜವಾದ ಅಮೆರಿಕದ ಅರ್ಪಾನೆಟ್ 1980ರ ಅಕ್ಟೋಬರ್ 27ರಂದು ಹಲವು ಗಂಟೆಗಳ ಕಾಲ ಸ್ತಬ್ಧವಾಯಿತು. ಆ ಜಾಲದ ಯಂತ್ರಗಳು ತಮ್ಮ ಸ್ಥಿತಿಗತಿಯ ವರದಿಗಳನ್ನು ಪರಸ್ಪರ ಹಂಚಿಕೊಳ್ಳುತ್ತಿದ್ದವು. ಯಾವ ವರದಿ ಹೊಸದು, ಯಾವುದು ಹಳೆಯದು ಎಂದು ತಿಳಿಯಲು ಪ್ರತಿ ವರದಿಗೂ ಕ್ರಮಸಂಖ್ಯೆ ಇತ್ತು. ಸಂಖ್ಯೆಗೆ ಮೀಸಲಿದ್ದ ಸ್ಥಳ ಕಿರಿದಾದ್ದರಿಂದ ಅದು 63ರವರೆಗೆ ಏರಿ ಮತ್ತೆ ಸೊನ್ನೆಗೆ ಮರಳುತ್ತಿತ್ತು, ಗಡಿಯಾರದ ಮುಳ್ಳಿನ ಹಾಗೆ. ಅಂದು ಒಂದು ಯಂತ್ರದ ಸ್ಮೃತಿಯಲ್ಲಿ ಬಿಟ್‌ಗಳು ಕಳಚಿಹೋಗಿ, ಒಂದೇ ಯಂತ್ರದ ಹೆಸರಿನಲ್ಲಿ 44, 40 ಮತ್ತು 8 ಎಂಬ ಮೂರು ಸಂಖ್ಯೆಗಳ ವರದಿಗಳು ಹುಟ್ಟಿಕೊಂಡವು. ನಿಯಮದ ಪ್ರಕಾರ 40ಕ್ಕಿಂತ 44 ಹೊಸದು. 8ಕ್ಕಿಂತ 40 ಹೊಸದು. ಗಡಿಯಾರ ಒಂದು ಸುತ್ತು ತಿರುಗಿದೆ ಎಂಬ ಲೆಕ್ಕದಲ್ಲಿ 44ಕ್ಕಿಂತ 8 ಹೊಸದು. ಮೂರೂ ಒಂದನ್ನೊಂದು ಹಿಂದಿಕ್ಕುತ್ತ ಕೊನೆಯಿಲ್ಲದೆ ಸುತ್ತತೊಡಗಿದವು. ಯಂತ್ರಗಳಿಗೆ ಬೇರೆ ಕೆಲಸ ಮಾಡಲು ಬಿಡುವೇ ಉಳಿಯಲಿಲ್ಲ.

ಈ ಘಟನೆಯನ್ನು ಎರಿಕ್ ರೋಸೆನ್ ಅವರು 1981ರಲ್ಲಿ ಆರ್‌ಎಫ್‌ಸಿ 789 ಎಂಬ ದಾಖಲೆಯಲ್ಲಿ ವಿವರವಾಗಿ ಬರೆದಿಟ್ಟರು. ತಪ್ಪನ್ನು ಮುಚ್ಚಿಡದೆ ಎಲ್ಲರಿಗೂ ಕಾಣುವಂತೆ ಬರೆದಿಡುವ ಆ ಪದ್ಧತಿಯನ್ನು ನಾವು ಈ ಚರಿತ್ರೆಯ ಮೊದಲ ಮೌಲ್ಯವೆಂದು ಭಾವಿಸುತ್ತೇವೆ. ಯಂತ್ರ ಕೆಡುವುದು ಸಹಜ. ಕೆಟ್ಟ ಯಂತ್ರದ ಮಾತನ್ನು ಉಳಿದವು ಪರೀಕ್ಷಿಸದೆ ಹಬ್ಬಿಸಿದ್ದೇ ಅಂದಿನ ನಿಜವಾದ ದೋಷ.

ಕಾಗದದ ಚೂರುಗಳ ಮೇಲೊಂದು ಒಪ್ಪಂದ

1989ರ ಜನವರಿಯಲ್ಲಿ ಟೆಕ್ಸಾಸಿನ ಆಸ್ಟಿನ್ ನಗರದಲ್ಲಿ ಅಂತರ್ಜಾಲದ ತಂತ್ರಜ್ಞರ ಸಭೆ ನಡೆದಿತ್ತು. ಸಿಸ್ಕೋದ ಕರ್ಕ್ ಲಾಹೀಡ್ ಮತ್ತು ಐಬಿಎಂನ ಯಾಕೋವ್ ರೆಖ್ಟರ್ ಊಟದ ಮೇಜಿನ ಬಳಿ ಕುಳಿತು, ಕೈ ಒರೆಸುವ ಕಾಗದಗಳ ಮೇಲೆ ಹೊಸ ಪ್ರೋಟೋಕಾಲಿನ ರೂಪುರೇಷೆ ಗೀಚಿದರು. ಅದೇ ವರ್ಷದ ಜೂನ್ ತಿಂಗಳಲ್ಲಿ ಅದು ಆರ್‌ಎಫ್‌ಸಿ 1105 ಆಗಿ ಹೊರಬಂದಿತು. ಬಾರ್ಡರ್ ಗೇಟ್‌ವೇ ಪ್ರೋಟೋಕಾಲ್, ಅಂದರೆ ಬಿಜಿಪಿ, ಎಂಬುದು ಅದರ ಹೆಸರು. ಒಂದು ಸಂಸ್ಥೆಯ ಜಾಲ ಇನ್ನೊಂದು ಸಂಸ್ಥೆಯ ಜಾಲಕ್ಕೆ ಹೇಳುವ ಮಾತು ಸರಳ: ಈ ವಿಳಾಸಗಳು ನನ್ನ ಮೂಲಕ ಸಿಗುತ್ತವೆ, ನಡುವೆ ಇಂತಿಂಥ ಜಾಲಗಳನ್ನು ದಾಟಬೇಕು. ತಕ್ಷಣದ ಅಗತ್ಯಕ್ಕೆಂದು ಹುಟ್ಟಿದ ಈ ಒಪ್ಪಂದವೇ ತಿದ್ದುಪಡಿಗಳೊಂದಿಗೆ ಇಂದಿಗೂ ಲೋಕದ ಜಾಲಗಳನ್ನೆಲ್ಲ ಹೆಣೆದಿದೆ.

ಒಪ್ಪಂದ ಬಹಿರಂಗವಾಗಿತ್ತು. ಅದನ್ನು ನಡೆಸುವ ಯಂತ್ರಗಳ ಒಳಗಿನ ತಂತ್ರಾಂಶವಾದರೋ ಬಹುಮಟ್ಟಿಗೆ ಕಂಪನಿಗಳ ಗುಟ್ಟಾಗಿತ್ತು. ಯಾರು ಬೇಕಾದರೂ ಓದಬಹುದಾದ ತಂತ್ರಾಂಶವೇ ಇರಲಿಲ್ಲವೆಂದಲ್ಲ. 1983ರ ಬಿಎಸ್‌ಡಿ ಯುನಿಕ್ಸಿನಲ್ಲಿ ‘ರೂಟೆಡ್’ ಎಂಬ ಚಿಕ್ಕ ಕಾರ್ಯಕ್ರಮವಿತ್ತು. ಅನಂತರ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ‘ಗೇಟೆಡ್’ ಬೆಳೆಯಿತು. ಮೆರಿಟ್ ಸಂಸ್ಥೆಯ ಆಶ್ರಯದಲ್ಲಿ ಅದು ಬಹಳ ಕಡೆ ಬಳಕೆಗೆ ಬಂದಿತು. ಆದರೆ ಬರಬರುತ್ತ ಗೇಟೆಡ್‌ನ ಹೊಸ ಆವೃತ್ತಿಗಳು ಹಣ ಕಟ್ಟಿದ ಸದಸ್ಯರಿಗೆ ಮೀಸಲಾದವು; ಕೊನೆಗೆ ಅದು ವ್ಯಾಪಾರದ ಸರಕಾಯಿತು. ಎಲ್ಲರೂ ನೀರು ಸೇದುತ್ತಿದ್ದ ಬಾವಿಗೆ ಬೀಗ ಬಿದ್ದಂತಾಯಿತು.

ಜೀಬ್ರಾ ಹುಟ್ಟಿದ ಬಗೆ

ಬೀಗವಿಲ್ಲದ ಇನ್ನೊಂದು ಬಾವಿಯನ್ನು ತೋಡಿದವರು ಜಪಾನಿನ ಕುನಿಹಿರೊ ಇಶಿಗುರೊ. 1996ರಲ್ಲಿ ಅವರು ಆರಂಭಿಸಿದ ತಂತ್ರಾಂಶಕ್ಕೆ ಜೀಬ್ರಾ ಎಂದು ಹೆಸರಿಟ್ಟರು. ಅದು ಗ್ನೂ ಪರವಾನಗಿಯಡಿ ಹೊರಬಂದಿತು. ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಹಂಚಬಹುದು. ತಿದ್ದಿ ಹಂಚಿದವನು ತನ್ನ ತಿದ್ದುಪಡಿಯನ್ನೂ ಅದೇ ನಿಬಂಧನೆಯ ಮೇಲೆ ತೆರೆದಿಡಬೇಕು. ಜೀಬ್ರಾದ ಕಟ್ಟಡವೂ ವಿವೇಕದ್ದಾಗಿತ್ತು. ಒಂದೊಂದು ಪ್ರೋಟೋಕಾಲಿಗೆ ಒಂದೊಂದು ಪ್ರತ್ಯೇಕ ಕಾರ್ಯಕ್ರಮ. ಅವೆಲ್ಲ ತಾವು ಕಲಿತ ದಾರಿಗಳನ್ನು ‘ಜೀಬ್ರಾ’ ಎಂಬ ಮಧ್ಯಸ್ಥನಿಗೆ ಒಪ್ಪಿಸುತ್ತಿದ್ದವು. ಮಧ್ಯಸ್ಥನು ಅವುಗಳಲ್ಲಿ ಉತ್ತಮವಾದುದನ್ನು ಆರಿಸಿ ಕಂಪ್ಯೂಟರಿನ ಮೂಲವ್ಯವಸ್ಥೆಗೆ ತಿಳಿಸುತ್ತಿದ್ದನು. ಒಂದು ಕಾರ್ಯಕ್ರಮ ಕೆಟ್ಟರೆ ಉಳಿದವು ನಿಲ್ಲಬೇಕಾಗಿರಲಿಲ್ಲ. ಸಾಮಾನ್ಯ ಪಿಸಿಯೊಂದರಲ್ಲಿ ಲಿನಕ್ಸ್ ಹಾಕಿ, ಅದನ್ನು ದುಬಾರಿ ರೂಟರಿನಂತೆ ದುಡಿಸಿಕೊಳ್ಳುವುದು ಇದರಿಂದ ಸಾಧ್ಯವಾಯಿತು.

1999ರಲ್ಲಿ ಇಶಿಗುರೊ ಜೊತೆಗಾರರೊಡನೆ ಐಪಿ ಇನ್ಫ್ಯೂಷನ್ ಎಂಬ ಕಂಪನಿಯನ್ನು ಕಟ್ಟಿದರು. ಅವರ ಗಮನ ಅತ್ತ ಹರಿದದ್ದು ಸಹಜವೇ. ಇತ್ತ ಜೀಬ್ರಾವನ್ನು ಬಳಸುತ್ತಿದ್ದವರು ದೋಷಗಳನ್ನು ಕಂಡು, ತೇಪೆಗಳನ್ನು ಹೊಲಿದು ಕಳುಹಿಸುತ್ತಿದ್ದರು. ತೇಪೆಗಳನ್ನು ಸ್ವೀಕರಿಸುವ ಬಾಗಿಲು ಒಂದೇ ಆಗಿತ್ತು; ಅದು ತೆರೆಯುವುದು ವಿರಳವಾಯಿತು. ಪಾಲ್ ಜಾಕ್ಮಾ ಎಂಬವರು ಆ ತೇಪೆಗಳನ್ನು ಒಂದೆಡೆ ಕೂಡಿಸಿ ಬೇರೆ ಪ್ರತಿಯನ್ನು ಇಟ್ಟುಕೊಂಡರು. 2003ರ ಹೊತ್ತಿಗೆ ಅದು ಸ್ವತಂತ್ರ ಕವಲಾಯಿತು. ಹೆಸರು ಕ್ವಾಗ್ಗಾ.

ಕ್ವಾಗ್ಗಾ ಎಂಬುದು ದಕ್ಷಿಣ ಆಫ್ರಿಕಾದ ಬಯಲುಗಳಲ್ಲಿದ್ದ ಒಂದು ಬಗೆಯ ಜೀಬ್ರಾ. ಅದರ ಮುಂಭಾಗದಲ್ಲಿ ಮಾತ್ರ ಪಟ್ಟೆಗಳಿದ್ದು, ಹಿಂಭಾಗ ಕಂದಾಗಿತ್ತು. ಬೇಟೆಗೆ ಬಲಿಯಾಗುತ್ತ ಅದರ ಸಂತತಿ ಅಳಿಯಿತು. ಆಮ್‌ಸ್ಟರ್‌ಡ್ಯಾಮಿನ ಮೃಗಾಲಯದಲ್ಲಿ 1883ರ ಆಗಸ್ಟ್ 12ರಂದು ಸತ್ತ ಹೆಣ್ಣು ಕ್ವಾಗ್ಗಾವೇ ಕೊನೆಯದು. ಅಳಿದುಹೋದ ಪ್ರಾಣಿಯ ಹೆಸರನ್ನು ತಂತ್ರಾಂಶವೊಂದಕ್ಕೆ ಇಟ್ಟದ್ದು ವಿನೋದವೂ ಹೌದು, ಎಚ್ಚರವೂ ಹೌದು ಎಂದು ನಮಗೆ ತೋರುತ್ತದೆ. ಆರೈಕೆ ತಪ್ಪಿದರೆ ತಳಿ ಉಳಿಯದು.

ಐದು ಅಂಕಿಯ ಜಾಗ

ದೋಷ ಎಂದರೆ ಏನು, ದುರಸ್ತಿ ಎಂದರೆ ಏನು ಎಂಬುದಕ್ಕೆ ಕ್ವಾಗ್ಗಾದ ಒಂದು ಪ್ರಸಂಗವನ್ನು ಹೇಳಬೇಕು. ಬಿಜಿಪಿಯಲ್ಲಿ ಪ್ರತಿ ಸ್ವಾಯತ್ತ ಜಾಲಕ್ಕೂ ಒಂದು ಸಂಖ್ಯೆ. ಮೊದಲಿಗೆ ಆ ಸಂಖ್ಯೆ 65535ನ್ನು ಮೀರುವಂತಿರಲಿಲ್ಲ. ಜಾಲಗಳು ಹೆಚ್ಚಿದಂತೆ ಸಂಖ್ಯೆಗಳು ಸಾಲದಾದವು. 2007ರ ಆರ್‌ಎಫ್‌ಸಿ 4893 ಆ ಮಿತಿಯನ್ನು 400 ಕೋಟಿಗೂ ಮೇಲಕ್ಕೆ ಏರಿಸಿತು. ಕ್ವಾಗ್ಗಾದವರು ಹೊಸ ಸೌಲಭ್ಯವನ್ನು ಸೇರಿಸಿದರು. ಆದರೆ ದಾರಿಯಲ್ಲಿನ ಜಾಲಗಳ ಸಂಖ್ಯೆಗಳನ್ನು ಅಕ್ಷರಸಾಲಾಗಿ ಬರೆಯುವ ಒಂದು ಮೂಲೆಯಲ್ಲಿ, ಒಂದು ಸಂಖ್ಯೆಗೆ ಐದು ಅಂಕಿಯ ಜಾಗ ಸಾಕು ಎಂಬ ಹಳೆಯ ಲೆಕ್ಕ ಹಾಗೆಯೇ ಉಳಿದಿತ್ತು. ಹೊಸ ಸಂಖ್ಯೆ ಹತ್ತು ಅಂಕಿಯವರೆಗೂ ಹೋಗಬಹುದು. ದೊಡ್ಡ ಸಂಖ್ಯೆಗಳು ತುಂಬಿದ ದಾರಿಯೊಂದು ಬಂದಾಗ ಜಾಗ ಸಾಲದೆ ಕಾರ್ಯಕ್ರಮ ತನ್ನನ್ನು ತಾನೇ ನಿಲ್ಲಿಸಿಕೊಳ್ಳುತ್ತಿತ್ತು. ಅದನ್ನು ಮತ್ತೆ ಎಬ್ಬಿಸಿದರೆ ನೆರೆಯವರು ಅದೇ ದಾರಿಯನ್ನು ಮತ್ತೆ ಹೇಳುತ್ತಾರೆ, ಮತ್ತೆ ಕುಸಿಯುತ್ತದೆ. 2009ರಲ್ಲಿ ಈ ದೋಷ ಬಯಲಾಯಿತು.

ಪರಿಹಾರದ ತಿರುಳು ಐದರ ಜಾಗದಲ್ಲಿ ಹತ್ತು ಎಂದು ಬರೆಯುವುದು. ಆ ಐದು ಎಲ್ಲಿ ಅಡಗಿದೆ ಎಂದು ಹುಡುಕುವುದರಲ್ಲಿಯೇ ಶ್ರಮವೆಲ್ಲ. ಅದನ್ನು ಮೊದಲು ಬರೆದವರದು ತಪ್ಪೆಂದು ಹೇಳಲಾಗದು. ಬರೆದ ದಿನ ಐದು ಅಂಕಿ ಸಾಕಾಗುತ್ತಿತ್ತು. ಲೋಕ ಬದಲಾಯಿತು, ಸಾಲೊಂದು ಬದಲಾಗಲಿಲ್ಲ. ಹೊಸ ಸೌಲಭ್ಯ ಮತ್ತು ಹಳೆಯ ದೋಷ ಎಂಬ ಎರಡು ಬೇರೆ ವಸ್ತುಗಳಿಲ್ಲ ಎಂಬುದನ್ನು ಈ ಪ್ರಸಂಗ ಕಲಿಸುತ್ತದೆ. ಹೊಸ ಕೋಣೆ ಕಟ್ಟುವಾಗ ಹಳೆಯ ಗೋಡೆಯ ಬಿರುಕು ಕಾಣುತ್ತದೆ. ಮೂಲ ಎಲ್ಲರಿಗೂ ತೆರೆದಿದ್ದ ಕಾರಣ, ಬಿರುಕನ್ನು ಕಂಡವರು ಅದನ್ನು ತೋರಿಸಲೂ ಮುಚ್ಚಲೂ ಯಾರ ಅಪ್ಪಣೆಗೂ ಕಾಯಬೇಕಾಗಿರಲಿಲ್ಲ.

ಮತ್ತೊಂದು ಕವಲು

ಕವಲೊಡೆದು ಹುಟ್ಟಿದ ಕ್ವಾಗ್ಗಾಕ್ಕೂ ಅದರ ತಾಯಿಯ ಹಣೆಬರಹವೇ ಬಂದಿತು. 2010ರ ದಶಕದಲ್ಲಿ ದೊಡ್ಡ ದೊಡ್ಡ ದತ್ತಾಂಶ ಕೇಂದ್ರಗಳು ಎದ್ದವು. ಅವುಗಳ ಒಳಗಿನ ಸ್ವಿಚ್ಚುಗಳೂ ಲಿನಕ್ಸಿನಲ್ಲಿ ನಡೆಯತೊಡಗಿದವು. ದಾರಿ ಹುಡುಕಲು ಅವಕ್ಕೂ ಬಿಜಿಪಿಯೇ ಬೇಕಾಯಿತು. ಹಲವು ಕಂಪನಿಗಳ ಇಂಜಿನಿಯರುಗಳು ಕ್ವಾಗ್ಗಾವನ್ನು ತಿದ್ದಿದರು, ತೇಪೆಗಳನ್ನು ಕಳುಹಿಸಿದರು. ಅವನ್ನು ಓದಿ, ತೂಗಿ, ಒಪ್ಪಿಕೊಳ್ಳಬೇಕಾದ ನಿರ್ವಾಹಕರು ಬೆರಳೆಣಿಕೆಯವರು. ತೇಪೆಗಳ ರಾಶಿ ಬೆಳೆಯಿತು. ಪ್ರತಿ ಕಂಪನಿಯೂ ತನ್ನದೇ ತಿದ್ದಿದ ಪ್ರತಿಯನ್ನು ಇಟ್ಟುಕೊಂಡಿತು. ಒಬ್ಬರು ಸರಿಪಡಿಸಿದ ದೋಷವನ್ನೇ ಇನ್ನೊಬ್ಬರು ಹೊಸದಾಗಿ ಹುಡುಕುವ ಸ್ಥಿತಿ ಬಂದಿತು.

ಇಲ್ಲಿ ಯಾರನ್ನು ದೂರುವುದು? ಬೇಗ ಸೇರಿಸಿಕೊಳ್ಳಿ ಎಂದವರ ಅವಸರಕ್ಕೂ ಕಾರಣವಿತ್ತು, ನಿಧಾನಿಸಿದವರ ಅಂಜಿಕೆಗೂ ಕಾರಣವಿತ್ತು. ಪರೀಕ್ಷಿಸದ ಒಂದು ಸಾಲು ಒಳಗೆ ಬಂದರೆ ಎಲ್ಲಿಯೋ ಒಂದು ಊರಿನ ಜಾಲವೇ ನಿಲ್ಲಬಹುದು. ಕೊನೆಗೆ ಕ್ಯುಮುಲಸ್ ನೆಟ್‌ವರ್ಕ್ಸ್, 6ವಿಂಡ್, ಆರೆಂಜ್ ಮೊದಲಾದ ಹಲವು ಸಂಸ್ಥೆಗಳ ಇಂಜಿನಿಯರುಗಳು ಸೇರಿ ಎಫ್‌ಆರ್‌ರೂಟಿಂಗ್ ಎಂಬ ಹೊಸ ಕವಲನ್ನು ತೆಗೆದರು. 2017ರ ಏಪ್ರಿಲಿನಲ್ಲಿ ಅದು ಲಿನಕ್ಸ್ ಫೌಂಡೇಶನ್ನಿನ ಆಸರೆಯಲ್ಲಿ ಪ್ರಕಟವಾಯಿತು. ಈ ಬಾರಿ ಅವರು ಮುಖ್ಯವಾಗಿ ಬದಲಿಸಿದ್ದು ಕೆಲಸದ ಪದ್ಧತಿಯನ್ನು. ಒಬ್ಬರ ಬದಲು ಹಲವರು ನಿರ್ವಾಹಕರು. ಬೇರೆ ಬೇರೆ ಸಂಸ್ಥೆಗಳಿಂದ ಬಂದವರು. ಪ್ರತಿ ತಿದ್ದುಪಡಿಯನ್ನೂ ಮನುಷ್ಯರು ಓದುವುದರ ಜೊತೆಗೆ ಯಂತ್ರವೂ ಪರೀಕ್ಷಿಸಬೇಕು. ಒಂದೇ ಕಂಪ್ಯೂಟರಿನೊಳಗೆ ಪುಟ್ಟ ಪುಟ್ಟ ಕೃತಕ ರೂಟರುಗಳ ಜಾಲವನ್ನು ಎಬ್ಬಿಸಿ, ಕೊಂಡಿಗಳನ್ನು ಬೇಕೆಂದೇ ಕಡಿದು, ದಾರಿ ಮತ್ತೆ ಕೂಡಿಕೊಳ್ಳುತ್ತದೆಯೇ ಎಂದು ನೋಡುವ ಪರೀಕ್ಷೆಗಳು ಬಂದವು.

ಇದೇ ಕಾಲದಲ್ಲಿ ಬೇರೆ ಬಾವಿಗಳೂ ಇದ್ದವು ಎಂಬುದನ್ನು ಮರೆಯಬಾರದು. ಪ್ರಾಗ್ ನಗರದ ಚಾರ್ಲ್ಸ್ ವಿಶ್ವವಿದ್ಯಾಲಯದಲ್ಲಿ 1998ರ ಸುಮಾರಿಗೆ ವಿದ್ಯಾರ್ಥಿಗಳ ಯೋಜನೆಯಾಗಿ ಹುಟ್ಟಿದ ‘ಬರ್ಡ್’ ಇಂದು ಅನೇಕ ದೊಡ್ಡ ಅಂತರ್ಜಾಲ ವಿನಿಮಯ ಕೇಂದ್ರಗಳಲ್ಲಿ ದುಡಿಯುತ್ತಿದೆ. ಓಪನ್‌ಬಿಎಸ್‌ಡಿ ಬಳಗದ ಓಪನ್‌ಬಿಜಿಪಿಡಿ 2004ರಲ್ಲಿ ಬಂದಿತು. ಒಂದೇ ತಳಿಯ ಬೆಳೆ ಹಾಕಿದ ಹೊಲಕ್ಕೆ ಒಂದೇ ರೋಗ ಸಾಕು. ಹಲವು ತಳಿಗಳಿರುವುದು ಲೇಸು.

ಅರಿಯದ ಮಾತು ಬಂದಾಗ

ಎಫ್‌ಆರ್‌ಆರ್‌ನ ಪರೀಕ್ಷೆಯ ದಿನ 2019ರ ಜನವರಿಯಲ್ಲಿ ಬಂದಿತು. ಸಂಶೋಧಕರ ಒಂದು ತಂಡ ಬಿಜಿಪಿಯ ಸುರಕ್ಷತೆಯನ್ನು ಅಳೆಯುವ ಪ್ರಯೋಗ ನಡೆಸಿತ್ತು. ಅವರು ಹೊರಡಿಸಿದ ಸಂದೇಶದಲ್ಲಿ 255 ಎಂಬ ಸಂಖ್ಯೆಯ ಒಂದು ಗುಣಲಕ್ಷಣ ಅಡಕವಾಗಿತ್ತು. ಆ ಸಂಖ್ಯೆ ಪ್ರಯೋಗಗಳಿಗೆಂದೇ ಮೀಸಲು. ಅರ್ಥವಾಗದ ಇಂಥ ಗುಣಲಕ್ಷಣ ಬಂದರೆ, ಅದನ್ನು ಮುಟ್ಟದೆ ಹಾಗೆಯೇ ಮುಂದಕ್ಕೆ ದಾಟಿಸಬೇಕೆಂಬುದು ನಿಯಮ. ಆದರೆ ಎಫ್‌ಆರ್‌ಆರ್‌ನ ಒಳಗೆ ಬೇರೊಂದು ಸೌಲಭ್ಯಕ್ಕಾಗಿ ಅದೇ 255ನ್ನು ಬಳಸಿಕೊಳ್ಳಲಾಗಿತ್ತು. ಬಂದ ಸಂದೇಶವನ್ನು ಅದು ತನ್ನದೇ ಭಾಷೆಯ ಮಾತೆಂದು ಭಾವಿಸಿ ಓದಿತು. ಅರ್ಥವಾಗದಿದ್ದಾಗ ಕೆಟ್ಟ ಮಾತೆಂದು ತೀರ್ಮಾನಿಸಿ, ನೆರೆಯವನೊಡನೆ ಸಂಬಂಧವನ್ನೇ ಕಡಿದುಕೊಂಡಿತು. ಸಂಬಂಧ ಮತ್ತೆ ಕೂಡಿದಾಗ ಅದೇ ಸಂದೇಶ ಬರುತ್ತದೆ, ಮತ್ತೆ ಕಡಿಯುತ್ತದೆ.

ಎಫ್‌ಆರ್‌ಆರ್‌ನವರು ತಿದ್ದಿದ ಆವೃತ್ತಿಗಳನ್ನು ಬೇಗನೆ ಹೊರತಂದರು. ಪ್ರಯೋಗ ನಿಂತು, ಅದೇ ತಿಂಗಳು ಮತ್ತೆ ಆರಂಭವಾಗಿ, ಜಾಲ ನಡೆಸುವವರ ಪ್ರತಿಭಟನೆಯಿಂದ ಪೂರ್ತಿಯಾಗಿ ರದ್ದಾಯಿತು. ಅಂತರ್ಜಾಲವೇನು ನಿಮ್ಮ ಪ್ರಯೋಗಶಾಲೆಯೇ ಎಂಬುದು ಒಂದು ಕಡೆಯ ವಾದ. ನಾವು ಕಳುಹಿಸಿದ್ದು ನಿಯಮಬದ್ಧ ಸಂದೇಶ, ದುರುದ್ದೇಶವುಳ್ಳವರು ನಾಳೆ ಇದನ್ನೇ ಕಳುಹಿಸಿದರೆ ಏನು ಮಾಡುವಿರಿ ಎಂಬುದು ಇನ್ನೊಂದು ಕಡೆಯ ಪ್ರಶ್ನೆ. ಎರಡರಲ್ಲಿಯೂ ಸತ್ಯವಿದೆ. ದೋಷವನ್ನು ಕಾಣಿಸಿದವನೂ ಕೆಲವರ ಕೆಲಸ ಕೆಡಿಸಿದ; ಕೆಲಸ ಕೆಟ್ಟವರಿಗೂ ಕೊನೆಗೆ ಅದರಿಂದ ಉಪಕಾರವೇ ಆಯಿತು.

ಹೀಗೆ ಸಂಬಂಧ ಕಡಿದುಕೊಳ್ಳುವುದು ಆ ಒಂದು ತಂತ್ರಾಂಶದ ದುರ್ಗುಣವಾಗಿರಲಿಲ್ಲ. ಬಿಜಿಪಿಯ ಹಳೆಯ ನಿಯಮವೇ ಹಾಗಿತ್ತು: ಸಂದೇಶದಲ್ಲಿ ತಪ್ಪು ಕಂಡರೆ ಮಾತುಕತೆ ನಿಲ್ಲಿಸು. 2010ರ ಆಗಸ್ಟಿನಲ್ಲಿ ಯುರೋಪಿನಲ್ಲಿ ನಡೆದ ಮತ್ತೊಂದು ಪ್ರಯೋಗದಲ್ಲಿಯೂ ಅಪರಿಚಿತ ಗುಣಲಕ್ಷಣವೊಂದು ಕೆಲವು ವಾಣಿಜ್ಯ ರೂಟರುಗಳಲ್ಲಿ ಕೆಟ್ಟು, ಅವುಗಳ ನೆರೆಯವು ಸಂಬಂಧ ಕಡಿದುಕೊಂಡಿದ್ದವು. ಒಂದು ವಿಳಾಸದ ಕುರಿತ ಒಂದು ತಪ್ಪು ಮಾತಿಗಾಗಿ ಲಕ್ಷಾಂತರ ಸರಿಯಾದ ದಾರಿಗಳನ್ನು ಕಳೆದುಕೊಳ್ಳುವುದು ಯಾವ ನ್ಯಾಯ? 2015ರ ಆರ್‌ಎಫ್‌ಸಿ 7606 ಈ ನಿಯಮವನ್ನು ತಿದ್ದಿತು. ತಪ್ಪಿರುವ ಆ ಒಂದು ದಾರಿಯನ್ನು ಮಾತ್ರ ಬಿಟ್ಟುಬಿಡು, ಮಾತುಕತೆ ನಡೆಯಲಿ ಎಂಬುದು ಅದರ ಸಾರ. ನಿಯಮ ಬರೆಯುವುದು ಬೇರೆ, ಅದು ತಂತ್ರಾಂಶದ ಮೂಲೆಮೂಲೆಗೂ ಇಳಿಯುವುದು ಬೇರೆ. ನಾಲ್ಕು ವರ್ಷಗಳ ಅನಂತರವೂ ಅದು ಎಫ್‌ಆರ್‌ಆರ್‌ನಲ್ಲಿ ಪೂರ್ತಿಯಾಗಿ ಇಳಿದಿರಲಿಲ್ಲ ಎಂಬುದನ್ನು 2019ರ ಪ್ರಸಂಗ ತೋರಿಸಿತು. 2023ರಲ್ಲಿ ಇನ್ನೊಂದು ಗುಣಲಕ್ಷಣದ ನೆಪದಲ್ಲಿ ಅಂಥದೇ ಕೊರತೆ ಹಲವು ತಯಾರಕರ ರೂಟರುಗಳಲ್ಲಿ ಮತ್ತೆ ಬಯಲಾಯಿತು.

ಪರಭಾಷೆಗಳ ನಡುವೆ ಬಾಳುವ ನಮಗೆ ಈ ನಿಯಮ ಹೊಸದೇನೂ ಅಲ್ಲ. ಅಕ್ಕಪಕ್ಕದವರು ಆಡಿದ ಒಂದು ಮಾತು ತಿಳಿಯದೆ ಹೋದಾಗ, ಅದೊಂದನ್ನು ಬದಿಗಿರಿಸಿ ಮಾತನ್ನು ಮುಂದುವರಿಸುವುದನ್ನು ಹೊರನಾಡಿನ ಬದುಕು ನಮಗೆ ಮೊದಲ ವರ್ಷವೇ ಕಲಿಸಿರುತ್ತದೆ. ಯಂತ್ರಗಳಿಗೆ ಅದನ್ನು ಕಲಿಸಲು ಕಾಲು ಶತಮಾನಕ್ಕೂ ಹೆಚ್ಚು ಕಾಲ ಬೇಕಾಯಿತು.

ನಮ್ಮ ನೆಲದ ಮಾತು

ಇದೆಲ್ಲ ದೂರದ ಕಥೆಯೆಂದು ತೋರಬಹುದು. ಭಾರತದಲ್ಲಿ ಸಾರ್ವಜನಿಕರಿಗೆ ಅಂತರ್ಜಾಲ ಸಿಕ್ಕಿದ್ದು 1995ರ ಆಗಸ್ಟ್ 15ರಂದು. ಆರಂಭದ ವರ್ಷಗಳಲ್ಲಿ ನಮ್ಮ ದೇಶದ ಎರಡು ಸಂಸ್ಥೆಗಳ ಜಾಲಗಳ ನಡುವಿನ ಸಂದೇಶವೂ ಎಷ್ಟೋ ಸಲ ಸಮುದ್ರ ದಾಟಿ, ಪರದೇಶದಲ್ಲಿ ಕೈ ಬದಲಿಸಿ, ಮರಳಿ ಬರುತ್ತಿತ್ತು. ಮುಂಬಯಿಯಿಂದ ದೆಹಲಿಗೆ ಹೊರಟ ಕಾಗದ ಅಮೆರಿಕ ನೋಡಿ ಬಂದಂತೆ. ಈ ವ್ಯರ್ಥ ಯಾತ್ರೆಯನ್ನು ತಪ್ಪಿಸಲು 2003ರಲ್ಲಿ ನಿಕ್ಸಿ ಎಂಬ ರಾಷ್ಟ್ರೀಯ ವಿನಿಮಯ ಸಂಸ್ಥೆ ಸ್ಥಾಪನೆಯಾಯಿತು. ಅಂಥ ವಿನಿಮಯ ಕೇಂದ್ರದಲ್ಲಿ ಜಾಲಗಳು ತಮ್ಮ ತಮ್ಮ ದಾರಿಗಳನ್ನು ಬಿಜಿಪಿಯ ಭಾಷೆಯಲ್ಲಿಯೇ ಹೇಳಿಕೊಳ್ಳುತ್ತವೆ.

2008ರ ಜನವರಿ 30ರಂದು ಈಜಿಪ್ಟಿನ ಅಲೆಕ್ಸಾಂಡ್ರಿಯಾ ಬಳಿ ಸಮುದ್ರದಡಿಯ ಎರಡು ಕೇಬಲ್ಲುಗಳು ಕಡಿದುಹೋದಾಗ, ಪಶ್ಚಿಮದ ಕಡೆಗಿನ ನಮ್ಮ ದೇಶದ ಸಂಪರ್ಕ ಬಹಳಷ್ಟು ಕುಗ್ಗಿತು. ಆದರೂ ಪೂರ್ತಿ ನಿಲ್ಲಲಿಲ್ಲ. ಕಡಿದ ಕೇಬಲ್ಲಿನ ತುದಿಯ ರೂಟರುಗಳು ಆ ದಾರಿ ಹೋಯಿತೆಂದು ನೆರೆಯವಕ್ಕೆ ಹೇಳಿದವು. ಉಳಿದಿದ್ದ ದಾರಿಗಳು ತಂತಾನೆ ಮೇಲೆ ಬಂದವು. ಸಂದೇಶಗಳು ಪೂರ್ವದ ಕಡೆಯಿಂದ ಸುತ್ತಿ, ತಡವಾಗಿಯಾದರೂ, ತಲುಪಿದವು. ಈ ‘ತಂತಾನೆ’ ಎಂಬ ಮಾತಿನ ಹಿಂದೆ ಎಷ್ಟು ಜನ ಎಷ್ಟು ವರ್ಷ ತಿದ್ದಿದ ಸಾಲುಗಳಿವೆ ಎಂಬುದನ್ನು ನಾವು ಸಾಮಾನ್ಯವಾಗಿ ನೆನೆಯುವುದಿಲ್ಲ.

ನಮ್ಮ ನಾಡಿನ ಶಾಸನಗಳನ್ನು ಓದಿದವರಿಗೆ ಬಿತ್ತುವಟ್ಟ ಎಂಬ ಪದ ಗೊತ್ತಿರುತ್ತದೆ. ಕೆರೆ ಕಟ್ಟಿಸಿದ ಮೇಲೆ ಅದರ ಹೂಳೆತ್ತಲು, ಏರಿ ದುರಸ್ತಿ ಮಾಡಲು ನಡೆಯುತ್ತಿದ್ದ ದತ್ತಿ ಅದು. ಕಟ್ಟುವುದು ಒಂದು ಸಲದ ಕೆಲಸ, ಕಾಯುವುದು ಎಂದೆಂದಿನ ಕೆಲಸ ಎಂದು ನಮ್ಮ ಹಿರಿಯರು ಕಲ್ಲಿನ ಮೇಲೆ ಕೆತ್ತಿಸಿದ್ದರು. ಗೇಟೆಡ್‌ಗೆ ಬೀಗ ಬಿದ್ದದ್ದಕ್ಕೂ, ಜೀಬ್ರಾದ ಬಾಗಿಲು ವಿರಳವಾಗಿ ತೆರೆದದ್ದಕ್ಕೂ, ಕ್ವಾಗ್ಗಾದ ಅಂಗಳದಲ್ಲಿ ತೇಪೆಗಳು ರಾಶಿ ಬಿದ್ದದ್ದಕ್ಕೂ ಮೂಲ ಒಂದೇ ಎಂದು ನಮಗೆ ಅನ್ನಿಸುತ್ತದೆ: ಎಲ್ಲರೂ ಬಳಸುವ ಕೆರೆಗೆ ಬಿತ್ತುವಟ್ಟ ಇರಲಿಲ್ಲ. ಎಫ್‌ಆರ್‌ಆರ್ ಹಲವು ಸಂಸ್ಥೆಗಳ ಸಂಬಳದ ಇಂಜಿನಿಯರುಗಳನ್ನು ಒಂದೇ ಏರಿಯ ಮೇಲೆ ನಿಲ್ಲಿಸಿದ್ದು ಅಂಥ ಒಂದು ಏರ್ಪಾಡು. ಅದು ಎಷ್ಟು ಕಾಲ ಬಾಳುತ್ತದೆಂಬುದು ಆ ಸಂಸ್ಥೆಗಳ ಹಿತ ಎಷ್ಟು ಕಾಲ ಒಂದಾಗಿರುತ್ತದೆ ಎಂಬುದನ್ನು ಅವಲಂಬಿಸಿದೆ.

ಈ ಸಾಲುಗಳನ್ನು ನೀವು ಓದುತ್ತಿರುವ ಹೊತ್ತಿಗೆ ಇವು ಹಲವು ಕೂಡಲುಗಳನ್ನು ದಾಟಿ ಬಂದಿವೆ. ಆ ಕೂಡಲುಗಳಲ್ಲಿ ಎಲ್ಲಿಯೋ, ಐದಿದ್ದುದನ್ನು ಹತ್ತು ಮಾಡಿದಂಥ ಯಾರದೋ ತಿದ್ದುಪಡಿ ಸದ್ದಿಲ್ಲದೆ ಕೆಲಸ ಮಾಡಿರುತ್ತದೆ. ಓದು ನಡುವೆ ನಿಲ್ಲದಿದ್ದರೆ, ಅದೇ ಅವರ ಕೆಲಸಕ್ಕೆ ಸಾಕ್ಷಿ.